ಬಸುರಿಗೆ ಹೇಳಿದ ಮಾತು

ಬೀರೂರು ಎಂದರೆ ದೂರದವರಿಗೆ ರೈಲು ಬದಲಾಯಿಸುವ ಊರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಶಿವಮೊಗ್ಗ, ತಾಳಗುಪ್ಪಗಳ ಕಡೆಗೆ ಕವಲೊಡೆಯುವುದು ಇಲ್ಲಿಯೇ. ಈ ಊರಿನಲ್ಲಿಯೂ ಇದರ ಸುತ್ತಣ ಬಯಲುಸೀಮೆಯ ಹಳ್ಳಿಗಳಲ್ಲಿಯೂ 1979ರಿಂದ 2014ರವರೆಗೆ ನಾನು ಆರೋಗ್ಯ ಸಹಾಯಕಿಯಾಗಿ ಓಡಾಡಿದೆ. ಹುದ್ದೆಯ ಹೆಸರು ಏನೇ ಇರಲಿ, ಜನ ನಮ್ಮನ್ನು ಕರೆದದ್ದು ನರ್ಸಮ್ಮ ಎಂದು. ಬಸುರಿಯರ ಪಟ್ಟಿ ಬರೆಯುವುದು, ಚುಚ್ಚುಮದ್ದು ಹಾಕುವುದು, ಕಬ್ಬಿಣಾಂಶದ ಮಾತ್ರೆ ಹಂಚುವುದು, ಕೊನೆಯಲ್ಲಿ ತಿಳಿವಳಿಕೆ ನೀಡುವುದು. ಇವು ನಮ್ಮ ಕೆಲಸಗಳು. ಈ ಕೊನೆಯದಕ್ಕೆ ನಮ್ಮ ದಿನಚರಿ ಪುಸ್ತಕದಲ್ಲಿ ಒಂದು ಅಂಕಣವೇ ಇತ್ತು. ಎಷ್ಟು ಮಂದಿಗೆ ನೀಡಿದಿರಿ ಎಂದು ಅದು ಕೇಳುತ್ತಿತ್ತು. ಯಾರಿಗೆ ನೀಡಿದಿರಿ ಎಂದು ಕೇಳುತ್ತಿರಲಿಲ್ಲ. ಇಂದು ನಾನು ಕೆಲವು ಮಾತು ಆಡಬೇಕೆಂದಿರುವುದು ಆ ಕೇಳದೆ ಉಳಿದ ಪ್ರಶ್ನೆಯನ್ನು ಕುರಿತು.

ಬಸುರಿ ಏನು ಉಣ್ಣಬೇಕು, ಯಾವಾಗ ತವರಿಗೆ ಹೋಗಬೇಕು, ನೋವು ಕಾಣಿಸಿಕೊಂಡ ಮೇಲೆ ಯಾವ ಗಳಿಗೆಯಲ್ಲಿ ಹೊಸಿಲು ದಾಟಬೇಕು ಎಂಬುದನ್ನು ಅವಳೇ ತೀರ್ಮಾನಿಸಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಸೌಟು ಅತ್ತೆಯ ಕೈಯಲ್ಲಿರುತ್ತದೆ; ಹಣ ಮಾವನ ಜೇಬಿನಲ್ಲಿ; ಗಾಡಿ ಗಂಡನದು, ಇಲ್ಲವೆ ನೆರೆಮನೆಯವನದು. ತಿಳಿವಳಿಕೆಯೆಲ್ಲ ಹೋಗಿ ಸೇರುವುದು ಮಾತ್ರ ಸೌಟೂ ಹಣವೂ ಇಲ್ಲದ ಆ ಇಪ್ಪತ್ತರ ಹುಡುಗಿಗೆ. ಅವಳು ತಲೆ ತಗ್ಗಿಸಿ ಕೇಳುತ್ತಾಳೆ. 'ಹೂಂ ಕಣಕ್ಕ' ಎನ್ನುತ್ತಾಳೆ. ನಾವು ಅಂಕಣದಲ್ಲಿ ಒಂದು ಗೀಟು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತೇವೆ. ಆಕೆಗೆ ತಿಳಿದದ್ದು ಆಕೆಯಲ್ಲಿಯೇ ಉಳಿಯುತ್ತದೆ. ತಿಳಿದೂ ಮಾಡಲಾರದ ಸ್ಥಿತಿ ತಿಳಿಯದೆ ಇರುವುದಕ್ಕಿಂತ ಒಂದು ಪಾಲು ಹೆಚ್ಚೇ ಕಠಿಣವೆಂದು ನನಗೆ ಅನೇಕ ಸಲ ಅನ್ನಿಸಿದೆ.

ಆದ್ದರಿಂದ ನಾನು ಬಹು ಬೇಗನೆ ಹಿತ್ತಿಲಿನ ಕಡೆಗೆ ತಿರುಗಿದೆ. ಅಲ್ಲಿ ಅತ್ತೆ ಕಾಳು ಕೇರುತ್ತ ಕುಳಿತಿರುತ್ತಿದ್ದಳು. ಬಸುರಿಗೆ ಹೆಚ್ಚು ಉಣಿಸಿ ಎಂದರೆ ಅವಳ ಉತ್ತರ ಸಿದ್ಧವಾಗಿತ್ತು: 'ಜಾಸ್ತಿ ಉಂಡ್ರೆ ಕೂಸು ದಪ್ಪ ಆಯ್ತದೆ ಕಣಮ್ಮ. ರಾತ್ರಿ ಹೊತ್ನಾಗೆ ಹೆರಿಗೆ ಕಷ್ಟ ಆದ್ರೆ ನೀನ್ ಬತ್ತೀಯಾ?' ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಆ ಪ್ರಶ್ನೆಯ ಎರಡನೆಯ ಭಾಗವನ್ನು ಕೇಳಿಸಿಕೊಂಡಿಲ್ಲ. ಮಗು ಅಡ್ಡಲಾಗಿ ನಿಂತರೆ, ತಲೆ ಇಳಿಯದಿದ್ದರೆ, ತಾಯಿ ಸಾಯುವುದೇ ಗತಿ ಎಂಬ ಕಾಲದಲ್ಲಿ ಬೆಳೆದವಳು ಅವಳು. ಹಗುರವಾದ ಮಗು ಸಲೀಸಾಗಿ ಹೊರಬಂದೀತು ಎಂಬುದು ಆ ಕಾಲದ ಲೆಕ್ಕಾಚಾರ. ಲೆಕ್ಕ ತಪ್ಪು, ನಿಜ. ಆದರೆ ಅದರ ಹಿಂದೆ ಇದ್ದದ್ದು ಸೊಸೆಯ ಮೇಲಣ ಹಗೆಯಲ್ಲ, ಹೆದರಿಕೆ. ಹೆದರಿಕೆಗೆ ಉತ್ತರ ಕೊಡಬೇಕೇ ಹೊರತು ಬೈಗುಳಕ್ಕೆ ಅದು ಜಗ್ಗುವುದಿಲ್ಲ. ಎರಡೂವರೆ ಕಿಲೋಗಿಂತ ಹಗುರವಾಗಿ ಹುಟ್ಟಿದ ಮಗು ಬೇಗ ಸೋಂಕಿಗೆ ಸಿಕ್ಕುತ್ತದೆ. ಅರೆಹೊಟ್ಟೆಯ ತಾಯಿಗೆ ಹೆರಿಗೆಯ ದಿನ ಮೈಯಲ್ಲಿ ರಕ್ತವೇ ಇರುವುದಿಲ್ಲ. ಹೆರಿಗೆ ಕಷ್ಟವಾದರೆ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ವೈದ್ಯರಿದ್ದಾರೆ, ಅಲ್ಲಿಗೆ ಹೋಗುವ ಏರ್ಪಾಡು ಹೀಗೆ ಎಂದು ಹೇಳಿದಾಗ ಕೇರುವ ಮೊರ ನಿಲ್ಲುತ್ತಿತ್ತು.

ಸರಿಯಾದ ಮಾತು ಸಿಕ್ಕುವುದೂ ಈ ಕೆಲಸದಲ್ಲಿ ಅರ್ಧ ಚಿಕಿತ್ಸೆಯಿದ್ದಂತೆ. ಸಾಹಿತ್ಯಾಸಕ್ತರಾದ ತಮಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ನಂಜು ಎಂಬ ಪದಕ್ಕೆ ಬಲು ವಿಸ್ತಾರವಾದ ಅರ್ಥ. ಬದನೆಕಾಯಿ ನಂಜು, ಗಾಯಕ್ಕೆ ನಂಜಾಯಿತು, ಬಾಣಂತಿಗೆ ನಂಜೇರಿತು. ಇಲಾಖೆಯ ಭಿತ್ತಿಪತ್ರಗಳಲ್ಲಿ ರೋಗಾಣು, ಸೋಂಕು ಎಂಬ ಮಾತುಗಳಿದ್ದವು. ಅವು ಯಾರ ಮನಸ್ಸಿಗೂ ಇಳಿಯುತ್ತಿರಲಿಲ್ಲ. ನಂಜು ತರಕಾರಿಯಿಂದ ಬರುವುದಕ್ಕಿಂತ ಬೇಗ ಉಗುರಿನ ಸಂದಿಯಿಂದ, ಬ್ಲೇಡಿನ ತುಕ್ಕಿನಿಂದ ಬರುತ್ತದೆ ಎಂದು ಹೇಳಿದಾಗ ಮುದುಕಿಯರು ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಹೆರಿಗೆಗೆ ಐದು ಶುದ್ಧಿ ಬೇಕೆಂದು ಸೂಲಗಿತ್ತಿಯರಿಗೆ ಕಲಿಸುತ್ತಿದ್ದೆವು: ಕೈ ಶುದ್ಧ, ಮಲಗಿಸುವ ಜಾಗ ಶುದ್ಧ, ಕೊಯ್ಯುವ ಬ್ಲೇಡು ಶುದ್ಧ, ಕಟ್ಟುವ ದಾರ ಶುದ್ಧ, ಹೊಕ್ಕುಳು ಶುದ್ಧ. ಕೊನೆಯದೇ ಎಲ್ಲಕ್ಕಿಂತ ಕಷ್ಟವಾಗಿದ್ದದ್ದು. ಹೊಕ್ಕುಳಿಗೆ ಬೂದಿಯನ್ನೋ ಸಗಣಿಯನ್ನೋ ಹಚ್ಚುವ ರೂಢಿ ಕೆಲವು ಮನೆಗಳಲ್ಲಿತ್ತು. ಎರಡು ದಿನ ಚೆನ್ನಾಗಿ ಹಾಲು ಕುಡಿದ ಮಗು ಮೂರನೆಯ ದಿನವೋ ಆರನೆಯ ದಿನವೋ ಬಾಯಿ ಬಿಗಿದುಕೊಂಡು ಬಿಲ್ಲಿನಂತೆ ಸೆಟೆದುಕೊಳ್ಳುತ್ತಿತ್ತು. ಜನ ಅದನ್ನು ಬಾಲಗ್ರಹವೆಂದು ಮಂತ್ರ ಹಾಕಿಸುತ್ತಿದ್ದರು. ನಮ್ಮ ಹಿಂದಿನವರು ಧನುರ್ವಾಯು ಎಂದು ಹೆಸರಿಟ್ಟಾಗ ಆ ಬಿಲ್ಲನ್ನು ಕಣ್ಣಾರೆ ಕಂಡೇ ಇಟ್ಟಿರಬೇಕು. ಬಸುರಿಗೆ ಹಾಕುವ ಚುಚ್ಚುಮದ್ದು, ಶುದ್ಧವಾದ ಬ್ಲೇಡು, ಏನನ್ನೂ ಹಚ್ಚದ ಹೊಕ್ಕುಳು. ಇಷ್ಟರಿಂದಲೇ ಬಾಣಂತಿಯರ ಮತ್ತು ಹಸುಳೆಗಳ ಧನುರ್ವಾಯು ಭಾರತದಿಂದ ನಿವಾರಣೆಯಾಗಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ನಮ್ಮ ಸೂಲಗಿತ್ತಿಯರಿಗೆ ಆ ಸುದ್ದಿಯನ್ನು ಯಾರಾದರೂ ಮುಟ್ಟಿಸಿದರೋ ಇಲ್ಲವೋ.

ಸೂಲಗಿತ್ತಿಯರ ವಿಷಯದಲ್ಲಿ ವಿದ್ಯಾವಂತರಿಗೆ ಎರಡು ಅತಿರೇಕಗಳಿವೆ: ಒಂದೋ ಅವರನ್ನು ಕೊಲೆಗಾರ್ತಿಯರೆನ್ನುವುದು, ಇಲ್ಲವೆ ದೇವತೆಯರೆನ್ನುವುದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಯಲ್ಲಿದ್ದ ಧೈರ್ಯ, ಬೆನ್ನು ಸವರುತ್ತ ಆಡುತ್ತಿದ್ದ ಮಾತು, ಇವು ಯಾವ ತರಬೇತಿಯಲ್ಲಿಯೂ ಬರುವುದಿಲ್ಲ. ಆದರೆ ರಕ್ತ ನಿಲ್ಲದೆ ಹರಿಯತೊಡಗಿದಾಗ ಎಂಥ ಧೈರ್ಯವೂ ರಕ್ತದ ಬದಲಿಗೆ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬಲ್ಲವರು ಕಡಿಮೆ.

ಮೊದಲ ಹಾಲಿನ ವಿಚಾರದಲ್ಲಿ ನನಗೆ ನೆರವಾದದ್ದು ಈ ಸೀಮೆಯ ದನಗಳು. ಅಜ್ಜಂಪುರ, ಬೀರೂರುಗಳ ಸುತ್ತ ಅಮೃತಮಹಲ್ ಕಾವಲುಗಳಿವೆ. ದನದ ಗುಣದೋಷ ಬಲ್ಲ ಜನ ಇವರು. ಹೆತ್ತ ತಾಯಿಯ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಮಗುವಿಗೆ ಸಕ್ಕರೆ ನೀರನ್ನೋ ಜೇನುತುಪ್ಪವನ್ನೋ ನೆಕ್ಕಿಸುತ್ತಿದ್ದರು. ಅದೇ ಮನೆಯ ಕೊಟ್ಟಿಗೆಯಲ್ಲಿ ಹಸು ಈದರೆ ಕರುವನ್ನು ಆಗಲೇ ಕೆಚ್ಚಲಿಗೆ ಹಚ್ಚುತ್ತಿದ್ದರು. ಮಿಕ್ಕ ಗಿಣ್ಣುಹಾಲನ್ನು ಬೆಲ್ಲ ಹಾಕಿ ಕಾಯಿಸಿ ತಾವೇ ಉಣ್ಣುತ್ತಿದ್ದರು. 'ಅಜ್ಜೀ, ಕರುವಿಗೆ ಗಿಣ್ಣು ಕುಡಿಸದಿದ್ದರೆ ಏನಾಗುತ್ತದೆ?' ಎಂದು ಕೇಳಿದರೆ, 'ಬದುಕಾಕಿಲ್ಲ, ಉಚ್ಚಿಕೊಂಡು ಸಾಯ್ತದೆ' ಎಂದು ತಡವರಿಸದೆ ಹೇಳುವರು. ಆಮೇಲೆ ನಾನು ಸುಮ್ಮನಿರುತ್ತಿದ್ದೆ. ಹೇಳುವುದು ಬೇರೆ ಉಳಿದಿರುತ್ತಿರಲಿಲ್ಲ.

ಮಾತ್ರೆಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೊಂದರಂತೆ ಆರು ತಿಂಗಳು ನುಂಗಬೇಕಾದ ಮಾತ್ರೆಗಳು ಅಕ್ಕಿ ಡಬ್ಬಿಯ ಹಿಂದೆ ಹಾಗೆಯೇ ಬಿದ್ದಿರುತ್ತವೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಕಪ್ಪನ್ನು ಕಂಡವರು ಮಗುವೂ ಕಪ್ಪಾದೀತು ಎನ್ನುತ್ತಾರೆ. ಕಪ್ಪಾಗುವುದು ಮಲ ಮಾತ್ರ, ಅದು ದೇಹಕ್ಕೆ ಸೇರದೆ ಉಳಿದ ಕಬ್ಬಿಣ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಭಯ ಹುಟ್ಟುವುದಿಲ್ಲ. ಇನ್ನೊಂದು ಸಂಗತಿ. ನಮ್ಮದು ಕಾಫಿಯ ಜಿಲ್ಲೆ. ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗುವುದು ಇಲ್ಲಿ ಸಹಜ. ಕಾಫಿ, ಚಹಗಳು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣಿನ ಪಾನಕ ಅದಕ್ಕೆ ನೆರವಾಗುತ್ತದೆ. ರಾತ್ರಿ ಊಟವಾಗಿ ಒಂದು ಗಂಟೆ ಕಳೆದು, ಮಲಗುವ ಮುನ್ನ ನುಂಗಿದರೆ ತೊಳಸೂ ಕಡಿಮೆ. ಈ ಮಾತುಗಳಿಗೆ ಎರಡು ನಿಮಿಷ ಸಾಕು. ಮಾತ್ರೆಯನ್ನು ಕೈಗೆ ಹಾಕಿ ಸಹಿ ಪಡೆಯುವುದಕ್ಕೆ ಅರ್ಧ ನಿಮಿಷ.

ಇನ್ನು ಸಾವಿನ ವಿಚಾರ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2019–21ರ ಹೊತ್ತಿಗೆ ಆ ಸಂಖ್ಯೆ 63ಕ್ಕೆ ಇಳಿದಿತ್ತು. ಆಸ್ಪತ್ರೆಯ ಹೆರಿಗೆಗಳು 2005–06ರಲ್ಲಿ ನೂರಕ್ಕೆ 65ರಷ್ಟಿದ್ದವು, 2019–21ರಲ್ಲಿ 97 ಆದವು. 2005ರ ಗ್ರಾಮೀಣ ಆರೋಗ್ಯ ಅಭಿಯಾನ, ಅದರೊಂದಿಗೆ ಬಂದ ಆಶಾ ಕಾರ್ಯಕರ್ತೆಯರು, 2008ರಿಂದ ಓಡಾಡತೊಡಗಿದ 108ರ ವಾಹನ, ಇವುಗಳ ಪಾಲು ದೊಡ್ಡದು. ಇದು ಸಣ್ಣ ಸಾಧನೆಯಲ್ಲ. ಆದರೆ ಆಸ್ಪತ್ರೆಗೆ ಬನ್ನಿ ಎಂದು ಕರೆಯುವ ಕಾಲ ಮುಗಿದ ಮೇಲೆ, ಯಾವಾಗ ಬರಬೇಕು, ಬಂದವರನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆಗಳು ಉಳಿದುಕೊಂಡಿವೆ.

ತಾಯಿಯ ಸಾವಿನ ಹಿಂದೆ ಮೂರು ವಿಳಂಬಗಳನ್ನು ತಿಳಿದವರು ಗುರುತಿಸುತ್ತಾರೆ: ಮನೆಯಲ್ಲಿ ಹೊರಡಲು ನಿರ್ಧರಿಸುವ ವಿಳಂಬ, ದಾರಿಯ ವಿಳಂಬ, ಆಸ್ಪತ್ರೆಯೊಳಗೆ ಚಿಕಿತ್ಸೆ ದೊರೆಯುವ ವಿಳಂಬ. ಬೀರೂರಿನಿಂದ ಕಡೂರಿನ ತಾಲ್ಲೂಕು ಆಸ್ಪತ್ರೆ ಹತ್ತಿರವೇ. ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ನಲವತ್ತು ಕಿಲೋಮೀಟರಿಗೂ ದೂರ. ಹೆರಿಗೆಯ ನಂತರದ ರಕ್ತಸ್ರಾವ ವಿಪರೀತವಾದರೆ ತಾಯಿ ಎರಡು ಗಂಟೆಯಲ್ಲಿ ಕೈಬಿಟ್ಟುಹೋಗಬಹುದು. ಇಲ್ಲಿ ಹಳೆಯದೊಂದು ನಂಬಿಕೆ ಅಡ್ಡ ನಿಲ್ಲುತ್ತದೆ: ಕೆಟ್ಟ ರಕ್ತ ಹೋದಷ್ಟೂ ಒಳ್ಳೆಯದು ಎಂಬುದು. ಇಡೀ ಬಾಣಂತನದ ಶಾಸ್ತ್ರದಲ್ಲಿ ಇಷ್ಟು ಅಪಾಯಕರವಾದ ಮಾತು ಮತ್ತೊಂದಿಲ್ಲ. ಹೆರಿಗೆಯಲ್ಲಿ ಕೆಟ್ಟ ರಕ್ತ ಎಂಬುದಿಲ್ಲ. ಅರ್ಧ ಲೀಟರಿಗೆ ಮೀರಿ ಹೋದದ್ದೆಲ್ಲ ತಾಯಿಯ ಆಯುಷ್ಯವೇ. ಹಾಗೆಯೇ ತುಂಬು ಬಸುರಿಗೆ ವಿಪರೀತ ತಲೆನೋವು ಬಂದು, ಕಣ್ಣು ಮಂಜಾಗಿ, ಮುಖ ಊದಿಕೊಂಡು, ಫಿಟ್ಸ್ ಬಂದರೆ ಗಾಳಿ ಸೋಕಿತೆಂದು ಬೇವಿನ ಸೊಪ್ಪು ಹುಡುಕಬಾರದು. ಅದು ರಕ್ತದೊತ್ತಡ. ಗಾಡಿ ಹುಡುಕಬೇಕು.

ರಕ್ತಸ್ರಾವದ ವಿಷಯದಲ್ಲಿ ನಮ್ಮ ನಾಡಿನದೇ ಒಂದು ಕೆಲಸವನ್ನು ನೆನೆಯಬೇಕು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಸೇರಿ ನಡೆಸಿದ ಒಂದು ಅಧ್ಯಯನದಲ್ಲಿ 1,620 ಹೆಂಗಸರಿದ್ದರು. ಹೆರಿಗೆ ಮಾಡಿಸಿದವರು ನಮ್ಮಂಥ ಆರೋಗ್ಯ ಸಹಾಯಕಿಯರು. ಮಗು ಹುಟ್ಟಿದ ಒಡನೆ ಅರ್ಧ ಮಂದಿ ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ನುಂಗಿಸಿದರು. ತಾಯಿಯ ಕೆಳಗೆ ಅಳತೆಯ ಗೀಟುಗಳಿದ್ದ ಚೀಲವುಳ್ಳ ಪ್ಲಾಸ್ಟಿಕ್ ಹಾಳೆ ಹಾಸಿ, ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಅಳೆದರು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾದರೆ ಔಷಧ ನುಂಗಿದವರಲ್ಲಿ ಅದು 6.4 ಆಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಮಾತ್ರೆಯ ಬಗ್ಗೆ ಲೋಕವೆಲ್ಲ ಮಾತಾಡಿತು. ನನಗೆ ಮಾತ್ರ ಆ ಗೀಟಿನ ಚೀಲವೇ ಹೆಚ್ಚು ಇಷ್ಟವಾಯಿತು. ಅಳತೆ ಕಣ್ಣೆದುರಿಗಿದ್ದರೆ 'ಇನ್ನೂ ಸ್ವಲ್ಪ ನೋಡೋಣ' ಎನ್ನುವ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಆ ಮಾತ್ರೆಯನ್ನು ತಿಳಿದವರು ಹೇಳದೆ ಯಾರೂ ಕೊಡಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಮೂರನೆಯ ವಿಳಂಬದ ಬಗ್ಗೆ ಜನರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಒಂದು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನೋವಿನಿಂದ ಕೂಗಿದ ಹುಡುಗಿಗೆ ಕೇಳಬಾರದ ಮಾತು ಕೇಳಿಸಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಅವಳ ಎರಡನೆಯ ಹೆರಿಗೆಗೆ ಅವಳ ತಾಯಿ ಕೊನೆಯ ಗಳಿಗೆಯವರೆಗೂ ಮನೆಬಿಟ್ಟು ಕಳಿಸಲಿಲ್ಲ. ಆ ತಾಯಿಗೆ ಯಾವ ತಿಳಿವಳಿಕೆಯ ಕೊರತೆಯಿತ್ತು? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಶಿರೆಗೆ ಹಾಕುವ ದ್ರಾವಣದ ಮೇಲೆಯೇ ಅನುಮಾನ ಬಂತು. ಅವರೆಲ್ಲ ನಮ್ಮಂಥವರ ಮಾತು ಕೇಳಿ ಆಸ್ಪತ್ರೆಗೆ ಬಂದವರು. ಜನರಿಗೆ ಬುದ್ಧಿ ಹೇಳುವ ವ್ಯವಸ್ಥೆಗೆ ತನ್ನ ಬಾಟಲಿಯೊಳಗೆ ಏನಿದೆಯೆಂದು ತಿಳಿದಿರಬೇಕು.

ಈ ಸೀಮೆಯ ಇನ್ನೊಂದು ಸಂಗತಿಯನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಹೇಳದೆ ಬಿಡುವಂತೆಯೂ ಇಲ್ಲ. ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ನಮ್ಮ ಕಡೂರು, ತರೀಕೆರೆಗಳ ಕಡೆಯಲ್ಲಿಯೂ ಕಾಡುಗೊಲ್ಲರ ಹಟ್ಟಿಗಳಿವೆ. ಜುಂಜಪ್ಪನ ಕಥನವನ್ನು ರಾತ್ರಿಯಿಡೀ ಹಾಡಬಲ್ಲ ಜನ. ಕೊಟ್ಟ ಮಾತಿಗೆ ತಪ್ಪದವರು. ಮುಟ್ಟಾದವರನ್ನೂ ಬಾಣಂತಿಯನ್ನೂ ಸೂತಕವೆಂದು ಹಟ್ಟಿಯ ಹೊರಗಣ ಗುಡಿಸಲಲ್ಲಿ ಇರಿಸುವ ಪದ್ಧತಿ ಅನೇಕ ಹಟ್ಟಿಗಳಲ್ಲಿ ಉಳಿದುಬಂದಿತು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ತಾಯಿಯ ಹಸುಳೆ ಮಳೆಗಾಲದ ಶೀತಕ್ಕೆ ಸಿಕ್ಕಿ ಸತ್ತುಹೋಯಿತು. ಇಂಥ ಬಹಿಷ್ಕಾರವನ್ನು 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯಿದೆ ಅಪರಾಧವೆಂದಿದೆ. ಕೆಲವೆಡೆ ಸರ್ಕಾರವೇ ಕೃಷ್ಣ ಕುಟೀರಗಳೆಂಬ ಪಕ್ಕಾ ಕಟ್ಟಡಗಳನ್ನು ಹೊರಗಿರುವ ಹೆಂಗಸರಿಗಾಗಿ ಕಟ್ಟಿಸಿತು. ಗುಡಿಸಲಿಗಿಂತ ಕಟ್ಟಡ ಮೇಲು, ಹಸುಳೆ ನೆನೆಯುವುದಿಲ್ಲ. ಆದರೆ ಸಿಮೆಂಟಿನಲ್ಲಿ ಕಟ್ಟಿದ ಪದ್ಧತಿ ಹುಲ್ಲಿನಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬ ಶಂಕೆ ನನಗಿದೆ. ಹಟ್ಟಿಗಳಲ್ಲಿಯೂ ನಾನು ಮಾತಾಡಿದ್ದು ಹೆಚ್ಚಾಗಿ ಪೂಜಾರಿಯೊಂದಿಗೆ, ಹಿರಿಯರೊಂದಿಗೆ. ಬಾಣಂತಿಗೆ ಏನು ಹೇಳಲಿ? ಮಳೆಯಲ್ಲಿ ಕೂತವಳು ಅವಳು; ಕೂರಿಸಿದವರು ಬೇರೆ.

ಗಂಡಸರ ಪಾಲಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆಯಲು 1930ರಲ್ಲಿಯೇ ಮೈಸೂರು ಸಂಸ್ಥಾನ ಆದೇಶ ಹೊರಡಿಸಿತು. ಲೋಕದಲ್ಲಿ ಸರ್ಕಾರವೊಂದು ಹೀಗೆ ಮಾಡಿದ್ದು ಅದೇ ಮೊದಲೆಂದು ಹೇಳುತ್ತಾರೆ. ಸುಮಾರು ತೊಂಬತ್ತು ವರ್ಷ ಕಳೆದ ಮೇಲೆ, 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆಯ ಲೆಕ್ಕ ಸೊನ್ನೆ. ಗಂಡಸರದು ಹೊಟ್ಟೆ ತೆರೆಯದೆ, ಅರ್ಧ ಗಂಟೆಯೊಳಗೆ ಮುಗಿಯುವಂಥದು. ಅದೇ ಸಮೀಕ್ಷೆಯಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬಳು ಹದಿನೆಂಟು ತುಂಬುವ ಮೊದಲೇ ಮದುವೆಯಾದವಳು. ಆ ಮದುವೆಗಳನ್ನು ಮಾತಾಡಿ ನಿಶ್ಚಯಿಸಿದವರ ಸಾಲಿನಲ್ಲಿ ಹುಡುಗಿಯರಿದ್ದರೆಂದು ನಾನು ನಂಬಲಾರೆ.

ಹಾಗಾದರೆ ಇವರೆಲ್ಲರನ್ನೂ ಒಂದು ಕಡೆ ಕಲೆಹಾಕುವುದು ಹೇಗೆ? ನನಗೆ ಕಂಡ ದಾರಿ ಸೀಮಂತ. ಏಳನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸುವ ದಿನ ಅತ್ತೆ, ಮಾವ, ತವರಿನವರು, ಗಂಡ, ನೆರೆಹೊರೆ ಎಲ್ಲರೂ ಒಂದೇ ಜಗಲಿಯ ಮೇಲಿರುತ್ತಾರೆ. ಈಗ ಅಂಗನವಾಡಿಗಳಲ್ಲಿಯೂ ಸೀಮಂತ ಮಾಡುತ್ತಾರೆ. ಒಳ್ಳೆಯದೇ, ಆದರೆ ಅಲ್ಲಿ ಬರುವವರು ಮತ್ತೆ ಹೆಂಗಸರು. ನಾನು ಮನೆಯ ಸೀಮಂತಗಳಿಗೆ ಹೋಗುತ್ತಿದ್ದೆ. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ತಾಯಿ ಕಾರ್ಡನ್ನು ತೆಗೆದು ಎಲ್ಲರೆದುರಿಗೂ ಐದಾರು ಪ್ರಶ್ನೆ ಕೇಳುತ್ತಿದ್ದೆ. ನೋವು ಬಂದರೆ ಯಾವ ಆಸ್ಪತ್ರೆ? 108 ಬರುವುದು ತಡವಾದರೆ ಯಾರ ಗಾಡಿ? ಜೊತೆಗೆ ಹೋಗುವವರು ಯಾರು? ಯಜಮಾನರು ಊರಲ್ಲಿಲ್ಲದಿದ್ದರೆ ಹೊರಡಿ ಎನ್ನುವವರು ಯಾರು? ಹೆರಿಗೆಯಾದ ಮೇಲೆ ಎರಡು ದಿನ ಆಸ್ಪತ್ರೆಯಲ್ಲೇ ಇರಬೇಕು, ಮನೆಯ ದನ ನೋಡಿಕೊಳ್ಳುವವರು ಯಾರು? ರಕ್ತ ಬೇಕಾದರೆ ಕೊಡುವವರು ಯಾರು? ನಾಲ್ಕನೆಯ ಪ್ರಶ್ನೆಗೆ ಜಗಲಿ ಒಮ್ಮೆ ನಿಶ್ಶಬ್ದವಾಗುತ್ತಿತ್ತು. ಆಮೇಲೆ ಯಜಮಾನರೇ, 'ಅವ್ರತ್ತೇನೆ ಹೇಳ್ಲಿ ಬಿಡಿ' ಎನ್ನುವರು. ಹಾಗೆ ಎಲ್ಲರೆದುರಿಗೆ ಆಡಿದ ಮಾತಿನಿಂದ ಅಪರಾತ್ರಿಯಲ್ಲಿ ಯಾರೂ ಹಿಂದೆ ಸರಿಯುತ್ತಿರಲಿಲ್ಲ.

ಬೀರೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ಕೊನೆಯ ಪ್ರಶ್ನೆ ಕೇಳಿದಾಗ ಮೂಲೆಯಲ್ಲಿದ್ದ ಬಸುರಿಯ ಅಜ್ಜ ಅಂಗಿಯ ತೋಳು ಮೇಲೆ ಸರಿಸಿದರು. ಎಪ್ಪತ್ತು ದಾಟಿದ್ದ ಮನುಷ್ಯ. ಅರವತ್ತೈದಕ್ಕೆ ಮೀರಿದವರ ರಕ್ತ ತೆಗೆದುಕೊಳ್ಳುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, 'ಹಂಗಾರೆ ನಮ್ ಹುಡುಗನ್ದು ತಗಳಿ, ಅವನ್ದೂ ನನ್ ರಕ್ತಾನೇಯ' ಎಂದು, ಚೊಂಬಿನಲ್ಲಿ ನೀರು ಹಂಚುತ್ತಿದ್ದ ಮೊಮ್ಮಗನನ್ನು ಕರೆದು ನನ್ನ ಮುಂದೆ ನಿಲ್ಲಿಸಿದರು. ಅವನ ಗುಂಪು ಗೊತ್ತಿರಲಿಲ್ಲ. ಮರುದಿನ ಕಡೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಹೇಳಿ, ಅವನ ಫೋನ್ ಸಂಖ್ಯೆಯನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಂಡೆ.